ಓದುಗರ ಪ್ರಶ್ನೆ: ಯುರೋಪಿನ ರಾತ್ರಿ ರೈಲು ಮತ್ತು ಪಾಸಿನ ದಿನಗಳ ಲೆಕ್ಕ

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಬರುವ ಮೇ ತಿಂಗಳಲ್ಲಿ ಜೂರಿಕ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ರಾತ್ರಿ ರೈಲಿನಲ್ಲಿ ವಿಯೆನ್ನಾ, ಕೆಲವು ದಿನಗಳ ನಂತರ ಮತ್ತೊಂದು ರಾತ್ರಿ ರೈಲಿನಲ್ಲಿ ರೋಮ್ ತಲುಪಿ ಮುಂಬಯಿಗೆ ಮರಳಬೇಕೆಂದಿದ್ದೇವೆ. ಯುರೋಪಿನ ಹಲವು ದೇಶಗಳ ರೈಲುಗಳಲ್ಲಿ ಒಂದೇ ಪಾಸಿನಲ್ಲಿ ಓಡಾಡಲು ಬಿಡುವ ಯುರೇಲ್ ಪಾಸ್‌ನಲ್ಲಿ, ಒಂದು ತಿಂಗಳೊಳಗೆ ಐದು ದಿನ ಬಳಸಬಹುದಾದದ್ದು ಸಾಕಾಗುತ್ತದೆಯೇ? ಸಂಜೆ ಏಳರ ನಂತರ ಹತ್ತಿದ ರೈಲು ಮರುದಿನದ ಲೆಕ್ಕಕ್ಕೆ ಹೋಗುತ್ತದೆ ಎಂದು ಹಿಂದೊಮ್ಮೆ ಹೋಗಿ ಬಂದ ನೆರೆಯವರು ಹೇಳುತ್ತಾರೆ. ನನಗೆ 63 ವರ್ಷ, ಪತ್ನಿಗೆ 58. ಮ್ಯೂನಿಕ್‌ನಲ್ಲಿ ಓದುತ್ತಿರುವ 24 ವರ್ಷದ ಮಗಳು ರೋಮ್‌ನಲ್ಲಿ ನಮ್ಮನ್ನು ಸೇರಿಕೊಳ್ಳುತ್ತಾಳೆ. ಅವಳಿಗೂ ಇದೇ ಪಾಸ್ ಕೊಳ್ಳಬಹುದೇ?
— ಓದುಗರು, ಮುಲುಂಡ್, ಮುಂಬಯಿ

ಉತ್ತರ: ನಿಮ್ಮ ನೆರೆಯವರು ಹೇಳಿದ ಏಳು ಗಂಟೆಯ ನಿಯಮ ಒಂದು ಕಾಲದಲ್ಲಿ ನಿಜವಾಗಿಯೂ ಇತ್ತು, ಈಗ ಇಲ್ಲ. ಈಗಿನ ಪದ್ಧತಿಯಲ್ಲಿ ಪಾಸಿನ ಒಂದು ದಿನವೆಂದರೆ ನಡುರಾತ್ರಿ ಹನ್ನೆರಡರಿಂದ ಮರು ನಡುರಾತ್ರಿಯವರೆಗಿನ ದಿನ. ರಾತ್ರಿ ರೈಲನ್ನು ಹನ್ನೆರಡರ ಮೊದಲು ಹತ್ತಿ, ನಡುವೆ ಎಲ್ಲೂ ರೈಲು ಬದಲಿಸದೆ ಬೆಳಿಗ್ಗೆ ಇಳಿದರೆ, ಹತ್ತಿದ ದಿನವೊಂದೇ ಖರ್ಚಾಗುತ್ತದೆ. ಹನ್ನೆರಡು ದಾಟಿದ ಮೇಲೆ ಇನ್ನೊಂದು ರೈಲಿಗೆ ಕಾಲಿಟ್ಟರೆ ಎರಡನೆಯ ದಿನವೂ ಖರ್ಚಾಯಿತೆಂದೇ ತಿಳಿಯಬೇಕು. ಹನ್ನೆರಡೂವರೆಗೆ ಬರುವ ರೈಲಿನ ಟಿಕೆಟ್ಟಿನಲ್ಲಿ ಯಾವ ತಾರೀಖು ಇರುತ್ತದೆ ಎಂಬುದನ್ನು ಗಮನಿಸದೆ, ಒಂದು ದಿನ ತಡವಾಗಿ ನಿಲ್ದಾಣಕ್ಕೆ ಹೋಗಿ ರೈಲು ತಪ್ಪಿಸಿಕೊಂಡವರು ನಮ್ಮ ಬಳಗದಲ್ಲೇ ಇರುತ್ತಾರಲ್ಲ, ಅದೇ ಎಚ್ಚರ ಇಲ್ಲಿಯೂ ಬೇಕು.

ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಐದು ದಿನಗಳು ನಿಮಗೆ ಧಾರಾಳವಾಗಿ ಸಾಕು. ರಾತ್ರಿ ಜೂರಿಕ್ ಬಿಡುವ ದಿನ ಹೇಗೂ ಪಾಸಿನಲ್ಲಿ ಖರ್ಚಾಗುವುದರಿಂದ, ಆ ಹಗಲನ್ನು ಸುಮ್ಮನೆ ಕಳೆಯದೆ, ಪೆಟ್ಟಿಗೆಗಳನ್ನು ನಿಲ್ದಾಣದ ಲಾಕರ್‌ನಲ್ಲಿಟ್ಟು, ಅದೇ ಪಾಸಿನಲ್ಲಿ ಲ್ಯೂಸರ್ನ್‌ಗೆ ಹೋಗಿ ಸಂಜೆಗೆ ಮರಳಬಹುದು. ವಿಯೆನ್ನಾ ಬಿಡುವ ದಿನವೂ ಬೆಳಿಗ್ಗೆ ಬೇಗ ಹೊರಟು ಸೆಮರಿಂಗ್ ಘಾಟಿಯವರೆಗೆ ಹೋಗಿ ಬರಬಹುದು. 1848ರಿಂದ 1854ರವರೆಗೆ ಕಟ್ಟಿದ ಆ ಬೆಟ್ಟದ ರೈಲು ಮಾರ್ಗ 1998ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎರಡಂತಸ್ತಿನ ಕಮಾನು ಸೇತುವೆಗಳು ಅಲ್ಲಿವೆ. ಇಂಥ ದಾರಿಯನ್ನು ಕತ್ತಲಲ್ಲಿ ನಿದ್ದೆ ಮಾಡುತ್ತ ದಾಟುವುದು, ಮಳೆಗಾಲದಲ್ಲಿ ದೂಧ್‌ಸಾಗರವನ್ನು ಕಿಟಕಿ ಮುಚ್ಚಿಕೊಂಡು ದಾಟಿದಂತೆ. ಆದುದರಿಂದ ಆಲ್ಪ್ಸ್ ನೋಡುವುದೇ ಮುಖ್ಯವಾದರೆ ಹಗಲು ರೈಲು, ದೂರ ಸವೆಸುವುದು ಮುಖ್ಯವಾದರೆ ರಾತ್ರಿ ರೈಲು ಎಂದು ಮೊದಲೇ ಬೇರೆ ಮಾಡಿಕೊಳ್ಳಿ. ಪಾಸಿನ ಒಂದು ದಿನವನ್ನು ಸ್ವಿಟ್ಜರ್ಲೆಂಡಿನ ಕೂರ್‌ನಿಂದ ಆಲ್ಪ್ಸ್ ದಾಟಿ ಇಟಲಿಯ ತಿರಾನೋವರೆಗಿನ ಬರ್ನಿನಾ ದಾರಿಗಾಗಿ ಎತ್ತಿಡಿ ಎಂಬುದು ನನ್ನ ಆಗ್ರಹ. ದೊಡ್ಡ ಗಾಜಿನ ಬರ್ನಿನಾ ಎಕ್ಸ್‌ಪ್ರೆಸ್‌ಗೆ ಆಸನ ಕಾಯ್ದಿರಿಸಲು ಬೇರೆ ಹಣ ಕೊಡಬೇಕು. ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ರೈಲಿನಲ್ಲಿ ಪಾಸೊಂದೇ ಸಾಕು, ನೋಟವೂ ಅದೇ.

ಇನ್ನು ಅನೇಕರು ತಪ್ಪು ತಿಳಿಯುವ ಮಾತು: ಪಾಸ್ ನಿಮಗೆ ಪ್ರಯಾಣವನ್ನು ಕೊಡುತ್ತದೆ, ಮಲಗುವ ಜಾಗವನ್ನು ಕೊಡುವುದಿಲ್ಲ. ಜೂರಿಕ್–ವಿಯೆನ್ನಾ ಮತ್ತು ವಿಯೆನ್ನಾ–ರೋಮ್ ನಡುವೆ ಆಸ್ಟ್ರಿಯಾದ ರೈಲ್ವೆ ಓಡಿಸುವ ನೈಟ್‌ಜೆಟ್‌ನಲ್ಲಿ ಕುಳಿತು ಹೋದರೂ, ಮಲಗಿ ಹೋದರೂ ಜಾಗವನ್ನು ಮೊದಲೇ ಕಾಯ್ದಿರಿಸಿ, ಅದಕ್ಕೆ ಪ್ರತ್ಯೇಕ ಹಣ ಕೊಡಬೇಕು. ಕುಳಿತುಕೊಳ್ಳುವ ಆಸನ ಅಗ್ಗ. ಆದರೆ 63ರ ವಯಸ್ಸಿನಲ್ಲಿ ಅದು ಬೇಡ. ಕೂಶೆಟ್ ಎಂಬುದು ನಾಲ್ಕು ಅಥವಾ ಆರು ಬರ್ತ್‌ಗಳ ಕೋಣೆ. ಆರರದ್ದು ನಮ್ಮ ತ್ರೀ ಟಯರ್‌ನಂತೆಯೇ ಮೂರು ಅಂತಸ್ತು, ಹೊದಿಕೆ ಮತ್ತು ದಿಂಬು ಅವರೇ ಕೊಡುತ್ತಾರೆ. ಸ್ಲೀಪರ್ ಎಂದರೆ ನಮ್ಮಲ್ಲಿಯ ಹಾಗೆ ಸಾಮಾನ್ಯ ದರ್ಜೆಯಲ್ಲ. ಒಬ್ಬರಿಂದ ಮೂವರಿಗೆ ಇರುವ, ವಾಷ್ ಬೇಸಿನ್ ಉಳ್ಳ ದುಬಾರಿ ಕೋಣೆ. ನೀವಿಬ್ಬರೂ ಎರಡು ಬರ್ತ್‌ನ ಸ್ಲೀಪರ್ ತೆಗೆದುಕೊಳ್ಳುವುದು ಒಳ್ಳೆಯದು. ಪಾಸ್ ಉಳ್ಳವರಿಗೆಂದು ಮೀಸಲಿಡುವ ಬರ್ತ್‌ಗಳು ಬೇಗ ಮುಗಿಯುತ್ತವೆ. ಆದುದರಿಂದ ಮೊದಲು ನಿಮ್ಮ ತಾರೀಖಿಗೆ ಬರ್ತ್ ಇದೆಯೇ ಎಂದು ನೋಡಿ, ಆಮೇಲೆ ಪಾಸಿಗೆ ಹಣ ಹಾಕಿ.

60 ದಾಟಿದವರಿಗೆ ಶೇಕಡ 10ರ ರಿಯಾಯಿತಿ ಇದೆ. ನಿಮಗೆ ಸಿಗುತ್ತದೆ, ನಿಮ್ಮ ಪತ್ನಿಗೆ ಇಲ್ಲ. ಮಗಳ ವಿಷಯ ಬೇರೆ. ಯುರೇಲ್ ಯುರೋಪಿನ ಹೊರಗೆ ನೆಲೆಸಿದವರಿಗೆ. ಅಲ್ಲಿಯೇ ನೆಲೆಸಿದವರಿಗೆ ಇಂಟರ್‌ರೇಲ್. ಇಲ್ಲಿ ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದನ್ನಲ್ಲ, ವಾಸ ಎಲ್ಲಿ ಎಂಬುದನ್ನು. 27 ವರ್ಷದವರೆಗೆ ಯುವಜನರ ದರವಿದೆ ಎಂಬುದು ನಿಜ. ಆದರೂ ಮ್ಯೂನಿಕ್‌ನಿಂದ ರೋಮ್‌ಗೆ ಒಮ್ಮೆ ಬಂದು ಒಮ್ಮೆ ಹಿಂದಿರುಗುವವಳಿಗೆ ಪಾಸಿನ ಅಗತ್ಯವೇ ಕಾಣುವುದಿಲ್ಲ. ಆ ದಾರಿಯಲ್ಲಿಯೂ ನೇರ ನೈಟ್‌ಜೆಟ್ ಇದೆ. ಬೇಗನೆ ಕೊಂಡ ಬಿಡಿ ಟಿಕೆಟ್ಟೇ ಅಗ್ಗವಾಗುವ ಸಂಭವ ಹೆಚ್ಚು. ನಿಮ್ಮ ಪಾಸಿಗೂ ಇದೇ ತುಲನೆ ಮಾಡಿ ನೋಡಿ. ತಾರೀಖುಗಳೆಲ್ಲ ಖಚಿತವಾಗಿದ್ದು ಎರಡೇ ದೂರದ ಪ್ರಯಾಣಗಳಿದ್ದರೆ ಪಾಸ್ ಉಳಿತಾಯದ ಸಾಧನವಲ್ಲ. ಸ್ವಿಟ್ಜರ್ಲೆಂಡಿನ ದುಬಾರಿ ಹಗಲು ರೈಲುಗಳನ್ನೂ ಸೇರಿಸಿ ಐದು ದಿನವನ್ನೂ ತುಂಬಿಕೊಂಡಾಗ ಮಾತ್ರ ಅದಕ್ಕೆ ಬೆಲೆ ಬರುತ್ತದೆ.

ಪ್ರಶ್ನೆ: ಕಚೇರಿಯ ಕೆಲಸ ಮುಗಿಸಿ ಒಬ್ಬಳೇ ಎರಡು ವಾರ ತಿರುಗುವ ಆಸೆ. ರಾತ್ರಿ ರೈಲು ಮಹಿಳೆಯರಿಗೆ ಸುರಕ್ಷಿತವೇ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ಸಾಮಾನ್ಯ ಕೂಶೆಟ್‌ನಲ್ಲಿ ಗಂಡಸರು, ಹೆಂಗಸರು ಒಂದೇ ಕೋಣೆಯಲ್ಲಿರುತ್ತಾರೆ. ನೈಟ್‌ಜೆಟ್‌ನಲ್ಲಿ ಮಹಿಳೆಯರಿಗಷ್ಟೇ ಆದ ಕೋಣೆಯನ್ನು ಕಾಯ್ದಿರಿಸುವಾಗಲೇ ಆರಿಸಿಕೊಳ್ಳಬಹುದು, ಅದನ್ನೇ ಆರಿಸಿ. 2023ರ ಡಿಸೆಂಬರ್‌ನಲ್ಲಿ ಬಂದ ಹೊಸ ಮಾದರಿಯ ಬೋಗಿಗಳಲ್ಲಿ ಒಬ್ಬರೇ ಮಲಗಿ ಬಾಗಿಲೆಳೆದುಕೊಳ್ಳುವ ಮಿನಿ ಕ್ಯಾಬಿನ್ ಕೂಡ ಇದೆ. ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಳ್ಳಿ. ಪಾಸ್‌ಪೋರ್ಟ್, ಹಣ, ಫೋನ್ ದಿಂಬಿನ ಕೆಳಗಲ್ಲ, ಮೈಮೇಲೆಯೇ ಇರಲಿ. ಹತ್ತುವಾಗ ಬೋಗಿಯ ಸಂಖ್ಯೆಯನ್ನು ಎರಡು ಬಾರಿ ನೋಡಿ. ಒಂದೇ ರೈಲು ನಡುರಾತ್ರಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುವುದು ಅಲ್ಲಿ ಸಾಮಾನ್ಯ. ನೀವು ನಿದ್ದೆಯಲ್ಲಿದ್ದಾಗ ನ್ಯೂರೆಂಬರ್ಗ್‌ನಂಥ ನಿಲ್ದಾಣದಲ್ಲಿ ಬೋಗಿಗಳನ್ನು ಬಿಚ್ಚಿ ಬೇರೆ ರೈಲಿಗೆ ಸೇರಿಸುತ್ತಾರೆ. ಎರಡು ರಾತ್ರಿ ಬೆನ್ನುಬೆನ್ನಿಗೆ ರೈಲಿನಲ್ಲಿ ಕಳೆಯಬೇಡಿ. ಹೋಟೆಲ್ ಖರ್ಚು ಉಳಿಯಿತೆಂಬ ಸಮಾಧಾನ ಮೂರನೆಯ ದಿನದ ಆಯಾಸದಲ್ಲಿ ಕರಗಿಹೋಗುತ್ತದೆ.

ಪ್ರಶ್ನೆ: ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾಕ್ಕೆ ಪ್ರತಿ ರಾತ್ರಿಯ ತಂಗುದಾಣದ ದಾಖಲೆ ಕೇಳುತ್ತಾರೆ. ರೈಲಿನಲ್ಲಿ ಕಳೆಯುವ ರಾತ್ರಿಗೆ ಏನು ತೋರಿಸಬೇಕು? ನಾವು ಸಸ್ಯಾಹಾರಿಗಳು, ಊಟಕ್ಕೇನು ಮಾಡಬೇಕು?
— ಓದುಗರು, ಮಡಗಾಂವ್, ಗೋವಾ

ಉತ್ತರ: ದಿನವಾರು ಪಟ್ಟಿಯಲ್ಲಿ ಆ ರಾತ್ರಿಯ ಮುಂದೆ ರೈಲಿನ ಸಂಖ್ಯೆ, ಹೊರಡುವ ಮತ್ತು ತಲುಪುವ ಊರುಗಳನ್ನು ಬರೆದು, ಬರ್ತ್ ಕಾಯ್ದಿರಿಸಿದ ಪ್ರತಿಯನ್ನು ಲಗತ್ತಿಸಿ, ಪಟ್ಟಿಯಲ್ಲಿ ವಿವರಣೆಯಿಲ್ಲದ ಖಾಲಿ ಜಾಗ ಬಿಡಬೇಡಿ. ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಕೊಡಬಹುದು, ಪ್ರಯಾಣಕ್ಕೆ ಕನಿಷ್ಠ ಹದಿನೈದು ದಿನ ಇರುವಾಗಲೇ ಕೊಟ್ಟಿರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋಗೆ ಇರಬೇಕು. ವೀಸಾ ಕೈಸೇರುವ ಮೊದಲೇ ಪಾಸನ್ನು ಸಕ್ರಿಯಗೊಳಿಸಬೇಡಿ. ಕೊಂಡ ದಿನದಿಂದ ಹನ್ನೊಂದು ತಿಂಗಳೊಳಗೆ ಅದನ್ನು ಮಾಡಿಕೊಂಡರೆ ಸಾಕು.

ಊಟದ ಬಗ್ಗೆ: ನೈಟ್‌ಜೆಟ್‌ನ ಕೂಶೆಟ್‌ನಲ್ಲಿ ಬೆಳಿಗ್ಗೆ ಬ್ರೆಡ್ ರೋಲ್, ಬೆಣ್ಣೆ, ಜಾಮ್ ಮತ್ತು ಕಾಫಿ ಅಥವಾ ಚಹಾ ಕೊಡುತ್ತಾರೆ, ಅದರಲ್ಲಿ ಮಾಂಸವಿರುವುದಿಲ್ಲ. ರಾತ್ರಿಯ ಊಟವನ್ನು ಹತ್ತುವ ಊರಿನಲ್ಲೇ ಮುಗಿಸಿ. ಇಲ್ಲವೇ ಚಪಾತಿ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹತ್ತಿ. ನಡುರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ಚಹಾ ಮಾರುವವರು ಅಲ್ಲಿ ಬರುವುದಿಲ್ಲ. ನೀರಿನ ಬಾಟಲಿಯನ್ನೂ ಮೊದಲೇ ತುಂಬಿಸಿಕೊಳ್ಳಿ.