ಸಿನಿಮಾದ ನೆಲಬಾಂಬು, ನಿಜದ ನೆಲಬಾಂಬು

ಪ್ರಶ್ನೆ: ಏಂಜಲಿನಾ ಜೋಲಿ ನಟಿಸಿದ ‘ಬಿಯಾಂಡ್ ಬಾರ್ಡರ್ಸ್’ ನೋಡಿದೆ. ವಿಷಯ ಗಂಭೀರ, ತಾರೆಯರೂ ದೊಡ್ಡವರು. ಆದರೂ ಮಕಾಡೆ ಮಲಗಿದ್ದೇಕೆ?

ಉತ್ತರ: 2003ರ ಈ ಚಿತ್ರಕ್ಕೆ ಸುರಿದದ್ದು ಸುಮಾರು 3.5 ಕೋಟಿ ಡಾಲರ್, ಮರಳಿ ಬಂದದ್ದು 1.2 ಕೋಟಿಯ ಆಸುಪಾಸು. ದೋಷ ಕಥೆಯ ಹಂದರದಲ್ಲೇ ಇದೆ. 1984ರ ಇಥಿಯೋಪಿಯಾದ ಬರ, ಆಮೇಲೆ ಕಾಂಬೋಡಿಯಾ, ಕೊನೆಗೆ ಚೆಚೆನ್ಯಾ: ಎರಡು ಗಂಟೆಯಲ್ಲಿ ಮೂರು ದೇಶ. ಒಂದೊಂದು ಯುದ್ಧವೂ ನಾಯಕಿ ಸಾರಾ (ಜೋಲಿ) ಮತ್ತು ವೈದ್ಯ ನಿಕ್ (ಕ್ಲೈವ್ ಓವನ್) ಭೇಟಿಯಾಗುವ ಒಂದು ನಿಲ್ದಾಣ, ಅಷ್ಟೆ. ಅಲ್ಲಿ ಯಾರು ಯಾರೊಡನೆ ಏಕೆ ಹೊಡೆದಾಡುತ್ತಿದ್ದಾರೆಂಬುದು ಪ್ರೇಕ್ಷಕನಿಗೆ ದಕ್ಕುವುದೇ ಇಲ್ಲ. ಹಸಿದವರ ಶಿಬಿರಕ್ಕೆ ನಾಯಕಿ ಶುಭ್ರ ಉಡುಪಿನಲ್ಲಿ ಬಂದಿಳಿಯುವುದನ್ನು ವಿಮರ್ಶಕರು ಆಡಿಕೊಂಡದ್ದೂ ಸುಮ್ಮನೆ ಅಲ್ಲ.

ಪ್ರಶ್ನೆ: ಅದರಲ್ಲಿ ಎಲುಬಿನ ಗೂಡಾದ ಮಗುವೊಂದನ್ನು ಶಿಬಿರಕ್ಕೆ ತರುತ್ತಾರೆ. ಅಂಥ ಮಗುವಿಗೆ ಹೊಟ್ಟೆ ತುಂಬ ಉಣಿಸಿದರೆ ಸಾಕಲ್ಲವೆ?

ಉತ್ತರ: ಹೊಟ್ಟೆ ತುಂಬ ಉಣಿಸಿದರೆ ಮಗು ಸಾಯಬಹುದು. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದರೆ ಇನ್ಸುಲಿನ್ ಏರಿ, ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ ಜೀವಕೋಶಗಳೊಳಗೆ ಸರಿದುಬಿಡುತ್ತವೆ. ಮೊದಲೇ ಸೋತ ಹೃದಯ ಅಲ್ಲಿಗೆ ಕೈಕೊಡುತ್ತದೆ. ಆದ್ದರಿಂದ ಮೊದಲ ಕೆಲವು ದಿನ ಎಫ್-75 ಎಂಬ ತೆಳು ಹಾಲು: 100 ಮಿ.ಲೀ.ಗೆ 75 ಕಿಲೊ ಕ್ಯಾಲೊರಿ. ಅಳತೆ, ದಿನಕ್ಕೆ ಪ್ರತಿ ಕೆ.ಜಿ.ಗೆ 130 ಮಿ.ಲೀ. 5 ಕೆ.ಜಿ. ಮಗುವಿಗೆ 650 ಮಿ.ಲೀ.; ಎರಡೆರಡು ಗಂಟೆಗೊಮ್ಮೆ ಕೊಟ್ಟರೆ ಸಲಕ್ಕೆ 55 ಮಿ.ಲೀ., ರಾತ್ರಿಯೂ ಬಿಡುವಂತಿಲ್ಲ. ರಾತ್ರಿಯ ಸರದಿ ತಪ್ಪಿದರೆ ರಕ್ತದ ಸಕ್ಕರೆ ಕುಸಿದು, ಮೈ ತಣ್ಣಗಾಗುತ್ತದೆ. ಮೈಯಲ್ಲಿ ತೀವ್ರ ಬಾವು ಇದ್ದರೆ ಕೆ.ಜಿ.ಗೆ 100 ಮಿ.ಲೀ. ಮಾತ್ರ. ಕಬ್ಬಿಣಾಂಶದ ಔಷಧ ಈ ಹಂತದಲ್ಲಿ ಬೇಡ. ಹಸಿವು ಮರಳಿ, ಬಾವು ಇಳಿಯತೊಡಗಿದ ಮೇಲೆ ಎಫ್-100 ಎಂಬ ಗಟ್ಟಿ ಹಾಲು ಇಲ್ಲವೇ ಶೇಂಗಾ ಪೇಸ್ಟಿನ 92 ಗ್ರಾಂ ಪೊಟ್ಟಣ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂದೇ ಲೆಕ್ಕ. 1984ರಲ್ಲಿ ಈ ಪೊಟ್ಟಣ ಇರಲಿಲ್ಲ. ಹಾಲಿನಪುಡಿ, ಸಕ್ಕರೆ, ಎಣ್ಣೆ ಕಲಸಿಕೊಡುತ್ತಿದ್ದರು. (ತೆರೆಯ ಮೇಲಿನ ಆ ಮಗು ಅಷ್ಟು ಸೊರಗಿ ಕಂಡದ್ದು ಕಂಪ್ಯೂಟರ್ ಕೈಚಳಕದಿಂದ.)

ಪ್ರಶ್ನೆ: ನೆರವಿನ ಸಾಮಾನಿನ ಜತೆ ಬಂದೂಕು ಸಾಗಿಸುವುದು ನಿಜಕ್ಕೂ ನಡೆಯುತ್ತದೆಯೆ?

ಉತ್ತರ: ಒಮ್ಮೆ ಸಿಕ್ಕಿಬಿದ್ದರೆ ಆ ದಾರಿಯಲ್ಲಿ ಯಾವ ಸಂಸ್ಥೆಯ ಲಾರಿಯೂ ಮುಂದೆ ಹೋಗದು. 1949ರ ನಾಲ್ಕನೇ ಜಿನೀವಾ ಒಪ್ಪಂದದ 23ನೇ ವಿಧಿಯೇ, ಸರಕು ಬೇರೆಡೆಗೆ ತಿರುಗುತ್ತದೆಂಬ ಗಂಭೀರ ಅನುಮಾನಕ್ಕೆ ಕಾರಣವಿದ್ದರೆ ಔಷಧವನ್ನೂ ತಡೆಯಲು ಅವಕಾಶ ಕೊಡುತ್ತದೆ. ಅದಕ್ಕೇ ತುಂಬುವಾಗ ಒಮ್ಮೆ, ಇಳಿಸುವಾಗ ಒಮ್ಮೆ ಪೆಟ್ಟಿಗೆಗಳ ಎಣಿಕೆ, ಪಟ್ಟಿಯೊಡನೆ ತಾಳೆ. ವಾಹನಕ್ಕೆ ಬಂದೂಕಿನ ಮೇಲೆ ಕೆಂಪು ಗೀಟೆಳೆದ ಚಿತ್ರ. ಆಯುಧ ಹಿಡಿದವನಿಗೆ ಸೀಟಿಲ್ಲ. ಚಿತ್ರದ ನಿಕ್ ಬಂದೂಕು ಸಾಗಿಸುವುದನ್ನು ಸಣ್ಣ ರಾಜಿ ಎಂಬಂತೆ ಒಪ್ಪಿಕೊಳ್ಳುತ್ತಾನೆ. ಇಡೀ ಸಿನಿಮಾದ ನಿಜವಾದ ಕಥೆ ಅಲ್ಲಿತ್ತು, ಪ್ರೇಮದ ಅಬ್ಬರದಲ್ಲಿ ಕೈತಪ್ಪಿತು.

ಪ್ರಶ್ನೆ: ಕೊನೆಯ ದೃಶ್ಯದಲ್ಲಿ ನೆಲಬಾಂಬು ತುಳಿದಾಗ ‘ಕ್ಲಿಕ್’ ಅನ್ನುತ್ತದೆ. ಕಾಲೆತ್ತದಿದ್ದರೆ ಬದುಕಬಹುದೆ?

ಉತ್ತರ: (ಚಿತ್ರ ನೋಡದವರು ಇದನ್ನು ಓದಬೇಡಿ.) ಅದು ಸಿನಿಮಾದ ಬಾಂಬು. ಕಾಲಡಿಯ ಸಾಮಾನ್ಯ ನೆಲಬಾಂಬು ಭಾರ ಬಿದ್ದ ಕ್ಷಣವೇ ಸಿಡಿಯುತ್ತದೆ, ಕಾಲೆತ್ತುವವರೆಗೆ ಕಾಯುವುದಿಲ್ಲ. ಮಗುವಿನ ತೂಕವೇ ಸಾಕಾಗುವಂಥವೂ ಇವೆ. ಬಾಂಬು ಕಂಡರೆ ನಿಂತಲ್ಲೇ ನಿಂತು ಉಳಿದವರಿಗೆ ಕೂಗಿ ಹೇಳಬೇಕು. ಬಂದ ಹೆಜ್ಜೆಗುರುತು ಸ್ಪಷ್ಟವಿದ್ದರೆ ಅದೇ ಗುರುತಿನ ಮೇಲೆ ವಾಪಸ್, ಇಲ್ಲದಿದ್ದರೆ ಅಲುಗದೆ ಸಹಾಯಕ್ಕೆ ಕಾಯುವುದು. ಗಾಯಗೊಂಡವರ ಬಳಿಗೆ ಓಡುವವರೂ ಬಲಿಯಾಗುವುದುಂಟು, ಏಕೆಂದರೆ ಬಾಂಬು ಒಂದೇ ಇರುವುದು ಅಪರೂಪ. ಸಾರಾ ಕೈಸನ್ನೆಯಿಂದ ನಿಕ್‌ನನ್ನು ದೂರವೇ ತಡೆಯುತ್ತಾಳಲ್ಲ, ಆ ದೃಶ್ಯದಲ್ಲಿ ಅದೊಂದು ಮಾತ್ರ ಸರಿಯಾಗಿದೆ.