ಲೆಕ್ಕಕ್ಕೆ ಬಾರದ ಸಾವು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಮನೆಯವರು ಲೆಕ್ಕಕ್ಕೇ ಹಿಡಿಯದ ಸಾವಿಗಾಗಿ ಒಳಗೊಳಗೇ ಕೊರಗುವವರು ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಮತ್ತೆ ಮತ್ತೆ ಬರುತ್ತಾರೆ. ಸುತ್ತಲಿನವರ ಮಾನ್ಯತೆ ಸಿಗದ ಇಂಥ ಶೋಕದ ಬಗ್ಗೆ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿಯೇ ಬರೆದಿದ್ದಾರೆ.

ಬಂದವರು ನಲವತ್ತರ ಆಸುಪಾಸಿನ ಗೃಹಸ್ಥರು; ನಿದ್ದೆ ಬಾರದೆಂಬುದು ಅವರ ದೂರು. ಮನೆಯವರ ಮಾತು ತಾಳಲಾರದೆ ತವರಿಗೆ ಹೋದ ಅವರ ಅತ್ತಿಗೆ ಎರಡು ವರ್ಷಗಳ ನಂತರ ಅಲ್ಲಿಯೇ ಕಾಯಿಲೆಯಿಂದ ತೀರಿಕೊಂಡಿದ್ದರು. ಮಣ್ಣಿಗೂ ಈ ಮನೆಯಿಂದ ಯಾರೂ ಹೋಗಲಿಲ್ಲ.

ಮೂರು ಭೇಟಿಗಳು ಕಚೇರಿಯ ಮಾತಿನಲ್ಲೇ ಕಳೆದವು. ನಾಲ್ಕನೆಯ ಸಲ ಅವರು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಾದಂಬರಿ ಹಿಡಿದು ಬಂದರು. ಅದರಲ್ಲಿ ಚಿಕ್ಕಪ್ಪನನ್ನು ಕೇಳಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುವಾಗ ನಿರೂಪಕ ಅದನ್ನು ತಡೆಯದ ಪ್ರಸಂಗದ ಪುಟಗಳ ನಡುವೆ ಬಸ್ಸಿನ ಟಿಕೆಟ್ಟು ಇಟ್ಟಿದ್ದರು. “ಇಲ್ಲಿಂದ ಮುಂದೆ ಓದೋಕೆ ಆಗ್ತಿಲ್ಲ ಮೇಡಂ. ಅತ್ತಿಗೆ ಬ್ಯಾಗು ಹಿಡ್ಕೊಂಡು ಮೆಟ್ಟಿಲು ಇಳಿಯುವಾಗ ನಾನು ಹಾಲ್‌ನಲ್ಲೇ ಪೇಪರ್ ಓದ್ತಾ ಕೂತಿದ್ದೆ. ಪುಟ ಕೂಡ ತಿರುಗಿಸ್ಲಿಲ್ಲ, ಸದ್ದಾಗುತ್ತೆ ಅಂತ” ಎಂದು ಹೇಳಿ, ಬಹಳ ಹೊತ್ತು ಆ ಟಿಕೆಟ್ಟನ್ನೇ ಮಡಿಸುತ್ತ ಕುಳಿತರು.

‘ಅದು ನಿಮ್ಮ ತಪ್ಪಲ್ಲ’ ಎಂದು ನಾನು ಹೇಳಲಿಲ್ಲ. ಸಹೋದ್ಯೋಗಿಯೊಬ್ಬರು ಇದನ್ನು ಕಠೋರವೆಂದರು. ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಆ ಮೌನದಲ್ಲಿ ಅವರ ಪಾಲು ಇತ್ತು, ಅದನ್ನು ಅವರು ಬಲ್ಲರು. ನಾನು ಅಲ್ಲಗಳೆದಿದ್ದರೆ ಅತ್ತಿಗೆಯ ಹೆಸರೆತ್ತದ ಆ ಮನೆಯವರ ಸಾಲಿಗೆ ನಾನೂ ಸೇರುತ್ತಿದ್ದೆ. ಕಾದಂಬರಿಕಾರರು ತಮ್ಮ ನಿರೂಪಕನನ್ನು ಎಲ್ಲಿಯೂ ಗದರಿಸುವುದಿಲ್ಲ, ಕ್ಷಮಿಸುವುದೂ ಇಲ್ಲ. ಅವನು ಹೇಳುತ್ತ ಹೋಗುವಂತೆ ಬಿಡುತ್ತಾರೆ, ಹೇಳದೆ ಬಿಟ್ಟದ್ದು ಓದುವವನ ಎದೆಗೆ ತಾಗುತ್ತದೆ. ಮೂರು ವಾರ ನನ್ನ ಪ್ರಶ್ನೆಗಳಿಂದ ಆಗದ್ದು ಆ ಪುಟಗಳಿಂದ ಆಗಿತ್ತು.

ಬದುಕು ಬೇಡವೆನ್ನುವ ಯೋಚನೆ ಅವರಿಗಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಎರಡು ಸಲಹೆ ಕೊಟ್ಟೆ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ, ನೋವಿನ ಅನುಭವವನ್ನು ಬರೆಯಿಸುವ ಪ್ರಯೋಗದಲ್ಲಿದ್ದಂತೆ ದಿನಕ್ಕೆ 15 ನಿಮಿಷ, ನಾಲ್ಕು ದಿನ, ಅತ್ತಿಗೆ ಮನೆ ಬಿಟ್ಟ ಆ ಬೆಳಗನ್ನು ಕಂಡಷ್ಟು ಮಾತ್ರ ಬರೆಯಬೇಕು, ಕ್ಷಮಾಪಣೆಯ ಪತ್ರವಾಗಿಸಬಾರದು. ಆಮೇಲೆ, ಅತ್ತಿಗೆಯ ತವರಿನವರು ಒಪ್ಪಿದರೆ, ಅಲ್ಲಿಗೆ ಹೋಗಿ ಅದನ್ನೇ ಬಾಯಲ್ಲಿ ಹೇಳಬೇಕು, ಆದರೆ ಕ್ಷಮೆ ಕೇಳಿ ಮಗಳನ್ನು ಕಳೆದುಕೊಂಡವರ ಮೇಲೆ ಇನ್ನೊಂದು ಭಾರ ಹೊರಿಸಬಾರದು.

ಅವರು ಒಂದು ಭಾನುವಾರ ಹೋಗಿ ಬಂದರು. ಎಲ್ಲವನ್ನೂ ಕೇಳಿಸಿಕೊಂಡ ಆ ತಾಯಿ, “ಅವತ್ತು ತಿಂಡಿ ತಿಂದು ಹೊರಟಿದ್ಲಾ?” ಎಂದಷ್ಟೇ ಕೇಳಿದರಂತೆ. ಇಲ್ಲವೆಂದು ಇವರು ನಿಜವನ್ನೇ ಹೇಳಿದರು.