ಮುಷ್ಕರಕ್ಕೆ ಶಿಕ್ಷೆ ಕೊಡುವವರು ಯಾರು?

ಮಾನ್ಯರೇ,

ಸಾರಿಗೆ ನೌಕರರ ಮುಷ್ಕರದ ಕುರಿತ ನಮ್ಮ ಲೇಖನ ಓದಿ ನೀವು ಬರೆದ ದೀರ್ಘ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಅದರ ಸಾರ ಇಷ್ಟು: ಮುಷ್ಕರ ಹೂಡುವವರು ಜನರನ್ನು ಒತ್ತೆಯಾಳು ಮಾಡಿಕೊಳ್ಳುತ್ತಾರೆ, ಕಾನೂನಿನಲ್ಲಿ ಜೈಲು ಇದ್ದರೂ ನ್ಯಾಯಾಧೀಶರು ಕರುಣೆ ತೋರಿ ಬಿಟ್ಟುಬಿಡುತ್ತಾರೆ, ಆದ್ದರಿಂದ ಅವರ ವಿವೇಚನೆಯನ್ನು ಕಿತ್ತುಕೊಂಡು, ಅಕ್ರಮ ಮುಷ್ಕರಕ್ಕೆ ಕನಿಷ್ಠ ಆರು ತಿಂಗಳ ಕಡ್ಡಾಯ ಸೆರೆವಾಸ ಎಂದು ಸಂಸತ್ತೇ ಬರೆದುಬಿಡಬೇಕು. ಕೊನೆಯಲ್ಲಿ ವಕೀಲರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿದ್ದೀರಿ. ಆ ಪ್ರಶ್ನೆ ನನಗೆ ಹಿಡಿಸಿತು. ಉಳಿದದ್ದನ್ನು ಒಪ್ಪಲಾರೆ.

ನ್ಯಾಯಾಧೀಶರ ಕರುಣೆಯ ಮಾತನ್ನೇ ಮೊದಲು ನೋಡೋಣ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ಅಕ್ರಮ ಮುಷ್ಕರ ಮಾಡಿದ ಕಾರ್ಮಿಕನಿಗೆ ಒಂದು ತಿಂಗಳವರೆಗೆ ಜೈಲು, ಇಲ್ಲವೇ 50 ರೂಪಾಯಿವರೆಗೆ ದಂಡ, ಅಥವಾ ಎರಡೂ. (ರೂಪಾಯಿಯ ಬೆಲೆ ಎಲ್ಲಿಂದ ಎಲ್ಲಿಗೆ ಇಳಿದರೂ ಈ ಐವತ್ತನ್ನು ಯಾರೂ ಮುಟ್ಟಲಿಲ್ಲ.) ಆದರೆ ಅದೇ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಸರ್ಕಾರವೋ ಅದರಿಂದ ಅಧಿಕಾರ ಪಡೆದವರೋ ದೂರು ಕೊಟ್ಟ ಹೊರತು ಯಾವ ನ್ಯಾಯಾಲಯವೂ ಇಂಥ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿರಲಿಲ್ಲ. ಸರ್ಕಾರಗಳು ದೂರು ಕೊಡಲು ಹಿಂಜರಿಯುತ್ತವೆ, ಏಕೆಂದರೆ ಮುಷ್ಕರ ಮುಗಿಯುವುದು ಮಾತುಕತೆಯಲ್ಲಿ. ಮೊಕದ್ದಮೆಗಳನ್ನು ಹಿಂದಕ್ಕೆ ಪಡೆಯಬೇಕೆಂಬುದು ಆ ಮಾತುಕತೆಯ ಮೊದಲ ಬೇಡಿಕೆಗಳಲ್ಲಿ ಒಂದು. ತನ್ನ ಮುಂದೆ ಬಾರದ ಪ್ರಕರಣದಲ್ಲಿ ಶಿಕ್ಷೆ ಕೊಡಲಿಲ್ಲವೆಂದು ನ್ಯಾಯಾಧೀಶರನ್ನು ದೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಆ ಹಳೆಯ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ನಿಮಗೆ ಇಷ್ಟವಾಗುವ ಅಂಶವೊಂದಿದೆ. ಅಕ್ರಮ ಮುಷ್ಕರದ ದಂಡಕ್ಕೆ ಈಗ ತಳಮಿತಿ ಬಂದಿದೆ: 1,000 ರೂಪಾಯಿಗಿಂತ ಕಡಿಮೆಯಿಲ್ಲ, ಗರಿಷ್ಠ 10,000. ಒಂದು ತಿಂಗಳ ಜೈಲು ಹಾಗೆಯೇ ಉಳಿದಿದೆ. ಹೆಚ್ಚು ಮುಖ್ಯವಾದ ಬದಲಾವಣೆ ಬೇರೆಡೆ ಇದೆ. ಹಿಂದೆ ರೈಲು, ನೀರು, ವಿದ್ಯುತ್ತಿನಂಥ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಇದ್ದ 14 ದಿನಗಳ ನೋಟಿಸಿನ ನಿಯಮ ಈಗ ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಅರ್ಧದಷ್ಟು ಕಾರ್ಮಿಕರು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ನೋಟಿಸಿನ ಅವಧಿಯಲ್ಲಿ ಸಂಧಾನಾಧಿಕಾರಿ ಸಭೆ ಕರೆದರೆ, ಸಂಧಾನ ಮುಗಿದು ಏಳು ದಿನ ಕಳೆಯುವವರೆಗೆ ಕೆಲಸ ನಿಲ್ಲಿಸುವಂತಿಲ್ಲ. ಸಕ್ರಮ ಮುಷ್ಕರಕ್ಕೆ ಉಳಿದ ಕಿಂಡಿ ಎಷ್ಟು ಕಿರಿದು ಎಂದು ನೀವೇ ಅಳೆಯಿರಿ. ನಿಮ್ಮ ಆರು ತಿಂಗಳ ಸೆರೆವಾಸ ಕಲ್ಲು ತೂರುವವನಿಗಷ್ಟೇ ಸೀಮಿತವಾಗುವುದಿಲ್ಲ. ನೋಟಿಸಿನ ದಿನಗಳನ್ನು ಎಣಿಸುವಲ್ಲಿ ಸಂಘದ ಕಾರ್ಯದರ್ಶಿ ತಪ್ಪಿದ್ದರೆ, ಅವನ ಮಾತು ನಂಬಿ ಗೇಟಿನ ಹೊರಗೆ ನಿಂತವರೆಲ್ಲರ ಮೇಲೂ ಅದು ಬೀಳುತ್ತದೆ.

ನ್ಯಾಯಾಲಯಗಳು ಮುಷ್ಕರದ ವಿಷಯದಲ್ಲಿ ಮೃದು ಎಂಬ ನಂಬಿಕೆಗೂ ಇತಿಹಾಸದ ಬೆಂಬಲವಿಲ್ಲ. ಮದ್ರಾಸಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ವಿವಾದದಲ್ಲಿ ಕಾರ್ಮಿಕ ನಾಯಕ ಬಿ.ಪಿ. ವಾಡಿಯಾ ಮತ್ತು ಅವರ ಸಂಘಟನೆಯವರ ವಿರುದ್ಧ ಮದ್ರಾಸ್ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಸಂಘ ಕಟ್ಟಿದ ತಪ್ಪಿಗೆ ಪರಿಹಾರದ ದಾವೆ ಎದುರಿಸಿ ನಾಯಕರು ಮನೆಮಠ ಕಳೆದುಕೊಳ್ಳುವ ಭಯ ಹುಟ್ಟಿತು. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರು ಶಾಸನಸಭೆಯಲ್ಲಿ ದನಿ ಎತ್ತಿದ ಮೇಲೆ 1926ರ ಕಾರ್ಮಿಕ ಸಂಘಗಳ ಕಾಯ್ದೆ ಬಂದು, ನೋಂದಾಯಿತ ಸಂಘಗಳಿಗೆ ಒಳಸಂಚಿನ ಆರೋಪದಿಂದಲೂ ಪರಿಹಾರದ ದಾವೆಗಳಿಂದಲೂ ಒಂದಿಷ್ಟು ರಕ್ಷಣೆ ಸಿಕ್ಕಿತು. ಅಂದರೆ ನಿಮ್ಮ ಚಿತ್ರ ಅಲ್ಲಿ ತಲೆಕೆಳಗಾಗಿತ್ತು: ಬಿಗಿ ಹಿಡಿದದ್ದು ಕೋರ್ಟು, ಸಡಿಲಿಸಿದ್ದು ಶಾಸನ. ಸ್ವಾತಂತ್ರ್ಯಾನಂತರವೂ ಸುಪ್ರೀಂ ಕೋರ್ಟ್ ಮುಷ್ಕರವನ್ನು ಮೂಲಭೂತ ಹಕ್ಕು ಎಂದು ಒಪ್ಪಿಲ್ಲ. ಸಂಘ ಕಟ್ಟುವ ಹಕ್ಕಿನೊಳಗೆ ಮುಷ್ಕರದ ಹಕ್ಕು ಸೇರುವುದಿಲ್ಲವೆಂದು ಬ್ಯಾಂಕ್ ನೌಕರರ ಪ್ರಕರಣದಲ್ಲಿ ಅರವತ್ತರ ದಶಕದ ಆರಂಭದಲ್ಲೇ ಹೇಳಿತ್ತು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಮುಷ್ಕರಕ್ಕೆ ಈ ದೇಶದಲ್ಲಿ ಕಠಿಣ ಶಿಕ್ಷೆಯೇ ಆಗುತ್ತಿದೆ. ಆದರೆ ಅದು ದಂಡನೆಯ ಸೆಕ್ಷನ್‌ಗಳ ಮೂಲಕ ಆಗುತ್ತಿಲ್ಲ. 2003ರ ಜುಲೈನಲ್ಲಿ ತಮಿಳುನಾಡು ಸರ್ಕಾರ ಮುಷ್ಕರ ಹೂಡಿದ್ದ ಸುಮಾರು 1.7 ಲಕ್ಷ ನೌಕರರನ್ನು ವಿಚಾರಣೆಯೇ ಇಲ್ಲದೆ ವಜಾ ಮಾಡಿತು. ಮುಂದಿನ ತಿಂಗಳು, ಆ ವಜಾವನ್ನು ಪ್ರಶ್ನಿಸಿದ ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರಿಗೆ ಮುಷ್ಕರ ಮಾಡುವ ಮೂಲಭೂತ ಹಕ್ಕೂ ಇಲ್ಲ, ಶಾಸನಬದ್ಧ ಹಕ್ಕೂ ಇಲ್ಲ, ನೈತಿಕ ಹಕ್ಕೂ ಇಲ್ಲ ಎಂದಿತು. ಬೇಷರತ್ ಕ್ಷಮಾಪಣೆ ಬರೆದುಕೊಟ್ಟ ಬಹುಪಾಲು ಜನ ಕೆಲಸಕ್ಕೆ ಮರಳಿದರು. ನೈತಿಕತೆಯ ತೀರ್ಪನ್ನು ಅಲ್ಲಿ ಯಾರು ಕೇಳಿದ್ದರೋ ತಿಳಿಯದು. ಒಂದು ತಿಂಗಳ ಜೈಲಿಗಾದರೂ ಆರೋಪಪಟ್ಟಿ, ಸಾಕ್ಷಿ, ಪಾಟೀಸವಾಲು ಬೇಕು. ಇಡೀ ಜೀವನದ ನೌಕರಿ ಕಳೆಯಲು ಒಂದು ಸುಗ್ರೀವಾಜ್ಞೆ ಸಾಕಾಯಿತು.

ಜಾಮೀನಿನ ಕತೆ ಇನ್ನೂ ಕಟುವಾದದ್ದು. 2012ರ ಜುಲೈ 18ರಂದು ಹರಿಯಾಣದ ಮಾನೇಸರದ ಮಾರುತಿ ಕಾರ್ಖಾನೆಯಲ್ಲಿ ನಡೆದ ಹಿಂಸೆಯಲ್ಲಿ ಒಬ್ಬ ಅಧಿಕಾರಿ ಪ್ರಾಣ ಕಳೆದುಕೊಂಡರು. ಅದು ಮುಷ್ಕರವಲ್ಲ, ಅಪರಾಧ, ತಪ್ಪಿತಸ್ಥರಿಗೆ ಶಿಕ್ಷೆಯಾಗಲೇಬೇಕಿತ್ತು. ವಿಚಾರಣೆ ಎದುರಿಸಿದವರು 148 ಮಂದಿ. 2013ರಲ್ಲಿ ಜಾಮೀನು ನಿರಾಕರಿಸುವಾಗ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ನೀಡಿದ ಕಾರಣಗಳಲ್ಲಿ, ಕಾರ್ಮಿಕ ಅಶಾಂತಿಗೆ ಹೆದರಿ ವಿದೇಶಿ ಹೂಡಿಕೆದಾರರು ಹಿಂದೆ ಸರಿದಾರು ಎಂಬುದೂ ಒಂದು. ಬಹುಪಾಲು ಜನ ಎರಡು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. 2017ರ ಮಾರ್ಚ್‌ನಲ್ಲಿ ಸೆಷನ್ಸ್ ನ್ಯಾಯಾಲಯ 31 ಮಂದಿಯನ್ನು ದೋಷಿಗಳೆಂದಿತು, 13 ಮಂದಿಗೆ ಜೀವಾವಧಿ ವಿಧಿಸಿತು, 117 ಮಂದಿಯನ್ನು ಖುಲಾಸೆ ಮಾಡಿತು. ಈ 117 ಮಂದಿ ಅನುಭವಿಸಿದ ಸೆರೆವಾಸ ಯಾವ ಸೆಕ್ಷನ್‌ನಡಿ ಬಂತು? ನಿಮ್ಮ ಆರು ತಿಂಗಳು ಅದರ ಮುಂದೆ ಏನೂ ಅಲ್ಲ.

ನಮ್ಮ ಕರ್ನಾಟಕದಲ್ಲೇ 2025ರ ಆಗಸ್ಟ್‌ನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಸಾರಿಗೆ ನೌಕರರ ಬೇಡಿಕೆಗಳಲ್ಲಿ ದೊಡ್ಡದು 38 ತಿಂಗಳ ವೇತನ ಹಿಂಬಾಕಿ. ಮುಷ್ಕರ ತಡೆಯುವ ಅರ್ಜಿ ಹೈಕೋರ್ಟಿನಲ್ಲಿ ತಕ್ಷಣ ವಿಚಾರಣೆಗೆ ಬಂದು ಆದೇಶವೂ ಹೊರಬಿತ್ತು. 5ರಂದು ಬಸ್ಸುಗಳು ನಿಂತವು, ಕೋರ್ಟ್ ಗರಂ ಆಯಿತು, ಅಂದೇ ಮುಷ್ಕರ ಮುಂದೂಡಲಾಯಿತು. ಆಸ್ಪತ್ರೆಗೆ ಹೊರಟವರು, ಪರೀಕ್ಷೆಗೆ ಹೊರಟವರು ನಿಲ್ದಾಣದಲ್ಲಿ ಕಾಯುವ ಚಿತ್ರವನ್ನು ನೀವು ಪತ್ರದಲ್ಲಿ ಬರೆದಿದ್ದೀರಿ. ಅವರ ಪರವಾಗಿ ಕೋರ್ಟ್ ಧಾವಿಸಿದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಕೆಲಸ ನಿಲ್ಲಿಸಬೇಡಿ ಎಂದು ಒಂದೇ ದಿನದಲ್ಲಿ ಹೇಳಬಲ್ಲ ವ್ಯವಸ್ಥೆ, ಬಾಕಿ ಇದೆಯೇ ಇಲ್ಲವೇ ಎಂದು ಹೇಳಲು ವರ್ಷಗಟ್ಟಲೆ ತೆಗೆದುಕೊಳ್ಳಬಾರದು. ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆಯನ್ನು ಹೇರುವ ಸರ್ಕಾರ, ಇಂತಿಷ್ಟು ದಿನಗಳೊಳಗೆ ಬೇಡಿಕೆ ಇತ್ಯರ್ಥವಾಗಬೇಕೆಂಬ ಬದ್ಧತೆಯನ್ನೂ ಅದೇ ಆದೇಶದಲ್ಲಿ ಹೊರಲಿ.

ಕಡ್ಡಾಯ ಕನಿಷ್ಠ ಶಿಕ್ಷೆಯ ಬಗ್ಗೆ ಇಷ್ಟು ಹೇಳಿದರೆ ಸಾಕು. ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಮನೆಯೊಳಗಿಂದ 40 ಶಿಲ್ಲಿಂಗ್ ಬೆಲೆಯ ವಸ್ತು ಕದ್ದರೆ ಗಲ್ಲು. ತೀರ್ಪು ಕೊಡಲು ಕೂತ ಸಾಮಾನ್ಯ ನಾಗರಿಕರು, ಅಂದರೆ ಜ್ಯೂರಿಗಳು, ಏನು ಮಾಡುತ್ತಿದ್ದರು ಗೊತ್ತೇ? ಕದ್ದ ಮಾಲಿನ ಬೆಲೆಯನ್ನು 39 ಶಿಲ್ಲಿಂಗ್ ಎಂದು ಬರೆಯುತ್ತಿದ್ದರು. ವಿವೇಚನೆಯನ್ನು ನ್ಯಾಯಪೀಠದಿಂದ ಓಡಿಸಿದರೆ ಅದು ಆರೋಪಪಟ್ಟಿ ಬರೆಯುವ ಠಾಣೆಗೋ ಸಾಕ್ಷಿಯ ನಾಲಿಗೆಗೋ ಹೋಗಿ ಕೂರುತ್ತದೆ. ಅಲ್ಲಿ ಕಾರಣ ಬರೆಯಬೇಕಾದ ಹಂಗಿಲ್ಲ, ಮೇಲ್ಮನವಿಯೂ ಇಲ್ಲ. ಜೀವಾವಧಿ ಕೈದಿ ಕೊಲೆ ಮಾಡಿದರೆ ಮರಣದಂಡನೆಯೊಂದೇ ಎನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 303ನೇ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 1983ರಲ್ಲಿ ಮಿಥು ಪ್ರಕರಣದಲ್ಲಿ ರದ್ದು ಮಾಡಿದ್ದಕ್ಕೂ ಇದೇ ಕಾರಣ: ಪ್ರಕರಣವನ್ನು ನೋಡದೆ ಶಿಕ್ಷೆ ನಿಗದಿಯಾಗಬಾರದು. ನ್ಯಾಯಾಧೀಶರಿಂದ ನ್ಯಾಯಾಧೀಶರಿಗೆ ಶಿಕ್ಷೆ ಬದಲಾಗುತ್ತದೆ ಎಂಬ ನಿಮ್ಮ ದೂರು ಮಾತ್ರ ನಿಜ. ಅದಕ್ಕೆ ಮದ್ದು ಶಿಕ್ಷೆಯ ಮಾರ್ಗಸೂಚಿ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಸಮಿತಿ 2003ರಲ್ಲೇ ಇದನ್ನು ಶಿಫಾರಸು ಮಾಡಿತ್ತು. ಆ ವರದಿಯ ಬೇರೆ ಅನೇಕ ಸಲಹೆಗಳ ಬಗ್ಗೆ ನನಗೆ ಅನುಮಾನಗಳಿವೆ, ಇದರ ಬಗ್ಗೆ ಇಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ: ವಕೀಲರು ಕಲಾಪ ಬಹಿಷ್ಕರಿಸಿದರೆ ಅವರಿಗೆ ಶಿಕ್ಷೆ ಯಾರು ಕೊಡುತ್ತಾರೆ? 2002ರ ಹರೀಶ್ ಉಪ್ಪಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಕೀಲರಿಗೆ ಸಾಂಕೇತಿಕ ಮುಷ್ಕರದ ಹಕ್ಕೂ ಇಲ್ಲವೆಂದಿತು. ಆದರೂ ಉತ್ತರಾಖಂಡದ ಡೆಹ್ರಾಡೂನ್, ಹರಿದ್ವಾರ, ಉಧಮ್ ಸಿಂಗ್ ನಗರ ಜಿಲ್ಲೆಗಳಲ್ಲಿ ಮೂವತ್ತೈದು ವರ್ಷಗಳಿಂದ ಪ್ರತಿ ಶನಿವಾರ ಕಲಾಪ ಬಹಿಷ್ಕಾರ ನಡೆಯುತ್ತಿದ್ದದ್ದು 2020ರಲ್ಲಿ ಅದೇ ಕೋರ್ಟಿನ ಮುಂದೆ ಬಂತು. ಅದು ಅಕ್ರಮ ಎಂದು ಕೋರ್ಟ್ ಹೇಳಿತು. ಮೂರು ವರ್ಷಗಳ ನಂತರ ಅದೇ ಪ್ರಕರಣದಲ್ಲಿ, ವಕೀಲರ ಅಹವಾಲು ಕೇಳಲು ಮುಖ್ಯ ನ್ಯಾಯಮೂರ್ತಿಗಳ ನೇತೃತ್ವದಲ್ಲೇ ಕುಂದುಕೊರತೆ ಸಮಿತಿಗಳನ್ನು ರಚಿಸುವಂತೆ ಎಲ್ಲ ಹೈಕೋರ್ಟುಗಳಿಗೂ ಸೂಚಿಸಿತು. ಬಸ್ ಚಾಲಕರಿಗೂ ಇಂಥದ್ದೊಂದು ಸಮಿತಿ ಏಕಿಲ್ಲ ಎಂದು ನಿಮ್ಮ ಮುಂದಿನ ಪತ್ರದಲ್ಲಿ ಕೇಳಿ. ಅದನ್ನು ಕತ್ತರಿಸದೆ ಪೂರ್ತಿ ಅಚ್ಚು ಹಾಕುತ್ತೇನೆ.

– ಸಂಪಾದಕ